ಓದೋ ಮಕ್ಕಳಿರೋ ಮನೆಗೆ ನಾಲ್ಕು ಮಾತು

ನನ್ನ ತವರು ಜಗಳೂರು, ಸೇರಿದ ಮನೆ ಚನ್ನಗಿರಿ, ಮಗಳನ್ನು ಕೊಟ್ಟಿದ್ದು ಹೊನ್ನಾಳಿಗೆ, ತಂಗಿ ಇರೋದು ನ್ಯಾಮತಿಯಲ್ಲಿ. ಮಳೆ ದಾರಿ ಕಾಯೋ ಮನೆಯನ್ನೂ ಕಂಡಿದ್ದೇನೆ, ಅಡಿಕೆ ರೇಟು ಕಾಯೋ ಮನೆಯನ್ನೂ ಕಂಡಿದ್ದೇನೆ. ಬೆಳೆ ಬೇರೆ, ನೀರು ಬೇರೆ. ಓದೋ ಮಕ್ಕಳ ಚಿಂತೆ ಮಾತ್ರ ನಾಲ್ಕೂ ತಾಲ್ಲೂಕಿನಲ್ಲಿ ಒಂದೇ.

ನಿಮಗೆ ಮಕ್ಕಳ ಮೇಲೆ ಪ್ರೀತಿ ಇಲ್ಲ ಅಂತ ಯಾರೂ ಹೇಳಲ್ಲ. ಕೆಲಸದ ಗಡಿಬಿಡಿಯಲ್ಲಿ ಮರೆಯುತ್ತೀರಿ, ಅಷ್ಟೇ. ತಿಂಡಿ ಬಿಟ್ಟಿದ್ದು, ನಿದ್ದೆ ಕೆಟ್ಟಿದ್ದು, ಪಕ್ಕದ ಮನೆಯವರ ಮುಂದೆ ಆಡಿದ ಒಂದು ಮಾತು, ಇವೆಲ್ಲ ಸಣ್ಣವು ಅನ್ನಿಸುತ್ತೆ. ಆದರೆ ಮನಸ್ಸಿನ ಧೈರ್ಯ ಅನ್ನೋದು ಪಿಗ್ಮಿ ಕಟ್ಟಿದ ಹಾಗೆ: ದಿನಾ ಹತ್ತಿಪ್ಪತ್ತು ಹಾಕಿದ್ದರೇ ಕಷ್ಟದ ದಿನ ಕೈಗೆ ಸಿಗೋದು. ಅದನ್ನು ಹೇಗೆ ಕೂಡಿಡೋದು ಅಂತ ನಾನು ಕಂಡಷ್ಟು ಹೇಳುತ್ತೇನೆ, ಕೇಳಿ.

ಬೆಳಗ್ಗೆ ಮನೆ ಬಿಡೋ ಮುಂಚೆ

• ಮಕ್ಕಳನ್ನು ಕಾಲು ತಾಸು ಮುಂಚೆ ಎಬ್ಬಿಸಿ. ಓಡಿಕೊಂಡು ಬಸ್ ಹತ್ತಿದ ಮಗುವಿಗೆ ಮೊದಲನೇ ಪೀರಿಯಡ್ ಮುಗಿಯೋವರೆಗೂ ಎದೆಬಡಿತ ಇಳಿದಿರಲ್ಲ.

• ಬ್ಯಾಗನ್ನು ರಾತ್ರಿಯೇ ಜೋಡಿಸೋ ಅಭ್ಯಾಸ ಮಾಡಿಸಿ. ಬೆಳಗ್ಗೆ ನೋಟ್‌ಬುಕ್ ಹುಡುಕೋ ಹೊತ್ತಿಗೆ ಮನೆಯವರೆಲ್ಲ ಒಬ್ಬರ ಮೇಲೊಬ್ಬರು ಕೂಗಾಡಿ ಆಗಿರುತ್ತೆ.

• ಹೊಟ್ಟೆಗೆ ಏನಾದರೂ ಹಾಕಿಯೇ ಕಳಿಸಿ. ಚಿತ್ರಾನ್ನವೇ ಆಗಬೇಕಿಲ್ಲ, ರಾತ್ರಿಯ ರೊಟ್ಟಿ, ಒಂದಿಷ್ಟು ಮೊಸರು, ಶೇಂಗಾ ಚಟ್ನಿ ಸಾಕು. ಹಸಿದ ಮಗು ಬೇಗ ಅಳುತ್ತೆ, ಬೇಗ ಸಿಟ್ಟಾಗುತ್ತೆ. ನಾವು ಅದನ್ನು ಹಟ ಅಂದುಕೊಳ್ಳುತ್ತೀವಿ.

• ಹೈಸ್ಕೂಲು ಮುಗಿಯೋವರೆಗೆ ಸರ್ಕಾರಿ ಶಾಲೆಯ ಬಿಸಿಯೂಟ ಇರುತ್ತೆ, ಚಿಂತೆ ಇಲ್ಲ. ಪಿಯುಸಿಗೆ ಪೇಟೆಗೆ ಹೋಗೋ ಮಕ್ಕಳಿಗೆ ಬುತ್ತಿ ಕಟ್ಟೋದನ್ನು ಮರೆಯಬೇಡಿ. ‘ಅಲ್ಲೇ ಏನಾದರೂ ತಿಂದುಕೋ’ ಅಂತ ದುಡ್ಡು ಕೊಟ್ಟರೆ ದಿನಾ ಮಂಡಕ್ಕಿ ಮಿರ್ಚಿಯಲ್ಲೇ ಮುಗಿಸುತ್ತಾರೆ. ಹೊಟ್ಟೆನೂ ಕೆಡುತ್ತೆ, ಜೇಬೂ ಖಾಲಿ.

• ಹೆಣ್ಣುಮಕ್ಕಳ ಆಧಾರ್ ಕಾರ್ಡನ್ನು ಕಾಲೇಜು ಬ್ಯಾಗಿನಲ್ಲೇ ಇರಿಸಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿಗೆ ಟಿಕೆಟ್ ದುಡ್ಡಿಲ್ಲ, ಆದರೆ ಖಾಸಗಿ ಬಸ್ಸಿಗೆ ಅದು ನಡೆಯಲ್ಲ. ಅದಕ್ಕೇ ಕಂಪಾಸ್ ಬಾಕ್ಸಿನ ತಳದಲ್ಲಿ ಬಸ್ ಚಾರ್ಜಿನಷ್ಟು ದುಡ್ಡು ಮಡಚಿ ಇಟ್ಟಿರಿ. ಬಸ್ ತಪ್ಪಿದರೂ ಮನೆ ಸೇರಬಹುದು ಅನ್ನೋ ಧೈರ್ಯ ದೊಡ್ಡದು.

• ದೊಡ್ಡವಳಾದ ಹುಡುಗಿಯ ಬ್ಯಾಗಿನಲ್ಲಿ ಒಂದು ಪ್ಯಾಡ್ ಯಾವಾಗಲೂ ಇರಲಿ. ತರಗತಿಯಲ್ಲಿ ಆದ ಒಂದು ಅವಮಾನಕ್ಕೆ ಮಕ್ಕಳು ವಾರಗಟ್ಟಲೆ ಶಾಲೆ ತಪ್ಪಿಸುತ್ತಾರೆ; ಕಾರಣ ಮಾತ್ರ ಬಾಯಿಬಿಟ್ಟು ಹೇಳಲ್ಲ.

• ಹೊಸ್ತಿಲು ದಾಟೋ ಹೊತ್ತಿನಲ್ಲಿ ಬೈಯಬೇಡಿ. ಏನೇ ಇದ್ದರೂ ಸಂಜೆಗೆ ಇಟ್ಟುಕೊಳ್ಳಿ. ಬೈಸಿಕೊಂಡು ಹೋದ ಮಗು ಆ ಮಾತನ್ನೇ ದಿನವೆಲ್ಲ ಮೆಲುಕು ಹಾಕುತ್ತೆ.

ಊಟ, ನಿದ್ದೆ, ಆಟ

• ಎಂಟು ತಾಸು ನಿದ್ದೆ ಮಾಡಲು ಬಿಡಿ. ಹನ್ನೆರಡರವರೆಗೆ ಪುಸ್ತಕ ಹಿಡಿದುಕೊಂಡು ತೂಕಡಿಸೋ ಮಗುವಿನ ತಲೆಗೆ ಏನೂ ಹೋಗಿರಲ್ಲ. ಕರೆಂಟ್ ಬಿಲ್ ಮಾತ್ರ ಬರುತ್ತೆ.

• ಅಡಿಕೆ ಸುಲಿಯೋ ಕಾಲದಲ್ಲಿ ಮಕ್ಕಳನ್ನೂ ಕೂರಿಸಿಕೊಳ್ಳಿ, ತಪ್ಪಿಲ್ಲ. ನಾಲ್ಕು ಜನರ ನಡುವೆ ಕೂತು ಕೆಲಸ ಮಾಡಿದರೆ ಮನಸ್ಸು ಹಗುರಾಗುತ್ತೆ. ಆದರೆ ಟೆಸ್ಟ್ ಇದ್ದ ಹಿಂದಿನ ರಾತ್ರಿ ಎಬ್ಬಿಸಿ ಕಳಿಸಿ. ಮೆಕ್ಕೆಜೋಳ ಮುರಿಯೋ ದಿನಗಳಿಗೂ ಇದೇ ಮಾತು.

• ಶಾಲೆಯಲ್ಲಿ ವಾರಕ್ಕೊಂದು ಕೊಡೋ ಕಬ್ಬಿಣಾಂಶದ ಮಾತ್ರೆ ನುಂಗಿದರಾ ಅಂತ ಕೇಳಿ. ರಕ್ತ ಕಡಿಮೆಯಾದ ಮಗು ಸದಾ ಸುಸ್ತಾಗಿ ಮೂಲೆ ಹಿಡಿಯುತ್ತೆ, ನಾವು ಸೋಮಾರಿ ಅಂತ ಹೆಸರಿಡುತ್ತೀವಿ. ಮಾತ್ರೆ ನುಂಗಿದ ಕೂಡಲೇ ಟೀ ಕೊಡಬೇಡಿ. ಕಬ್ಬಿಣಾಂಶ ಮೈಗೆ ಹತ್ತಲ್ಲ.

• ಹತ್ತನೇ ತರಗತಿ ಅಂತ ಆಟ ನಿಲ್ಲಿಸಬೇಡಿ. ಸಂಜೆ ಮುಕ್ಕಾಲು ತಾಸು ಕಬಡ್ಡಿಯೋ ಖೋಖೋನೋ ಆಡಿ ಬೆವರಿದ ಮಗು ರಾತ್ರಿ ನೆಮ್ಮದಿಯಾಗಿ ಓದುತ್ತೆ, ನೆಮ್ಮದಿಯಾಗಿ ಮಲಗುತ್ತೆ. ಹೆಣ್ಣುಮಕ್ಕಳನ್ನೂ ಆಡಲು ಬಿಡಿ; ಅವರ ಆಟ ನಾವು ಮೊದಲೇ ನಿಲ್ಲಿಸಿಬಿಡುತ್ತೀವಿ.

• ಆಟದಲ್ಲಿ ಸೋತು ಬಂದರೆ ಅಂಪೈರನ್ನು ಬೈಯಬೇಡಿ. ಸೋತು, ಕೈಕಾಲು ತೊಳೆದುಕೊಂಡು, ಊಟಕ್ಕೆ ಕೂರೋದನ್ನು ಅಲ್ಲೇ ಕಲಿಯೋದು. ಅದೇ ಅಭ್ಯಾಸ ಮುಂದೆ ರಿಸಲ್ಟ್ ದಿನ ಕೈ ಹಿಡಿಯುತ್ತೆ.

• ಮನಸ್ಸಿಗೆ ಬದಲಾವಣೆ ಬೇಕು ಅಂದರೆ ಗೋವಾಕ್ಕೇ ಹೋಗಬೇಕಿಲ್ಲ. ಚನ್ನಗಿರಿಯವರು ಸೂಳೆಕೆರೆ ಏರಿ ಮೇಲೆ ನಡೆಸಿಕೊಂಡು ಬನ್ನಿ, ಸಂತೇಬೆನ್ನೂರಿನ ಪುಷ್ಕರಣಿ ತೋರಿಸಿ. ನ್ಯಾಮತಿ ಕಡೆಯವರಿಗೆ ತೀರ್ಥರಾಮೇಶ್ವರ ಇದೆ, ಜಗಳೂರಿನವರಿಗೆ ರಂಗಯ್ಯನದುರ್ಗದ ಕೊಂಡುಕುರಿ ಕಾಡಿದೆ. ಬುತ್ತಿ ಕಟ್ಟಿಕೊಂಡು ಹೋದರೆ ಖರ್ಚು ಬಸ್ ಚಾರ್ಜಿನಷ್ಟೇ. ಹೊನ್ನಾಳಿಯವರು ಹೊಳೆ ದಂಡೆಗೆ ಹೋಗಿ. ಈಜು ಬಾರದ ಮಕ್ಕಳನ್ನು ಮಾತ್ರ ತುಂಗಭದ್ರೆಗೆ ಇಳಿಸಬೇಡಿ.

• ಜಾತ್ರೆ, ಹೋರಿ ಹಬ್ಬ, ಸೇವಾಲಾಲ್ ಜಯಂತಿಗೆ ಸೂರಗೊಂಡನಕೊಪ್ಪ, ಇವಕ್ಕೆಲ್ಲ ‘ಓದೋದಿದೆ’ ಅಂತ ಮಗುವೊಂದನ್ನೇ ಮನೆಯಲ್ಲಿ ಬಿಟ್ಟು ಹೋಗಬೇಡಿ. ಎಲ್ಲರೂ ಹೋದ ಮನೆಯಲ್ಲಿ ಪುಸ್ತಕದ ಮುಂದೆ ಕೂತ ಮಗು ಓದಲ್ಲ, ಕೊರಗುತ್ತೆ. ಅರ್ಧ ದಿನ ಕರೆದುಕೊಂಡು ಹೋಗಿ ಬನ್ನಿ.

ಮಾತು ಆಡೋದು, ಮಾತು ಕೇಳೋದು

• ಮನೆಗೆ ಬಂದ ಕೂಡಲೇ ‘ಎಷ್ಟು ಮಾರ್ಕ್ಸ್ ಬಂತು’ ಅಂತ ಕೇಳಬೇಡಿ. ನೀರು ಕೊಡಿ, ಕೂರಲು ಬಿಡಿ. ‘ಇವತ್ತು ಯಾರ ಜೊತೆ ಊಟ ಮಾಡಿದೆ?’ ಅಂತ ಕೇಳಿ. ‘ಯಾರ ಜೊತೆನೂ ಇಲ್ಲ’ ಅನ್ನೋ ಉತ್ತರ ನಾಲ್ಕು ದಿನ ಬಂದರೆ, ಅದು ಮಾರ್ಕ್ಸಿಗಿಂತ ಮುಖ್ಯ ಸುದ್ದಿ.

• ಎದುರಿಗೆ ಕೂರಿಸಿಕೊಂಡು ‘ಏನಾಗಿದೆ ಹೇಳು’ ಅಂದರೆ ಯಾವ ಮಗುವೂ ಹೇಳಲ್ಲ. ಅವರೆಕಾಯಿ ಸುಲಿಯಲು, ಬಟ್ಟೆ ಮಡಚಲು ಕರೆಯಿರಿ. ಕೈ ಕೆಲಸದಲ್ಲಿದ್ದಾಗ ಬಾಯಿ ತಾನಾಗಿ ಬಿಡುತ್ತೆ.

• ಹೇಳೋಕೆ ಶುರು ಮಾಡಿದಾಗ ನಡುವೆ ಬಾಯಿ ಹಾಕಬೇಡಿ. ಬುದ್ಧಿಮಾತು ನಾಳೆ ಹೇಳಿ, ಅದು ಎಲ್ಲೂ ಓಡಿಹೋಗಲ್ಲ. ಮೊದಲ ವಾಕ್ಯಕ್ಕೇ ಬೈಸಿಕೊಂಡ ಮಗು ಎರಡನೆಯದನ್ನು ಹೇಳಲ್ಲ. ಮುಖ್ಯವಾದದ್ದು ಇರೋದೇ ಅಲ್ಲಿ.

• ಎಲ್ಲದಕ್ಕೂ ‘ಬೇಜಾರು’ ಅನ್ನೋ ಮಗುವನ್ನು ಸ್ವಲ್ಪ ಕೆದಕಿ: ಸಿಟ್ಟಾ, ಹೆದರಿಕೆಯಾ, ಅವಮಾನವಾ, ಸುಸ್ತಾ? ಇಂಥದ್ದು ಅಂತ ಗೊತ್ತಾದರೆ ದಾರಿ ಹುಡುಕಬಹುದು. ಹೆದರಿಕೆಗೆ ಜೊತೆ ಬೇಕು, ಸುಸ್ತಿಗೆ ನಿದ್ದೆ ಬೇಕು.

• ‘ಗಂಡು ಹುಡುಗ ಆಗಿ ಅಳ್ತೀಯಾ’ ಅನ್ನಬೇಡಿ. ಅತ್ತರೆ ಅರ್ಧ ಭಾರ ಇಳಿಯುತ್ತೆ. ಅಳಲು ಬಿಡದ ಹುಡುಗರು ಆಮೇಲೆ ಕೈ ಎತ್ತುತ್ತಾರೆ, ಇಲ್ಲಾ ಕುಡಿತಕ್ಕೆ ಬೀಳುತ್ತಾರೆ. ನಮ್ಮ ಕಡೆ ಅಂಥ ಮನೆಗಳನ್ನು ಹುಡುಕಬೇಕಾಗಿಲ್ಲ.

• ಅಕ್ಕನ ಮಗನ ಜೊತೆ, ಎದುರು ಮನೆ ಹುಡುಗಿ ಜೊತೆ ಹೋಲಿಸಬೇಡಿ. ಹೋಲಿಸಲೇಬೇಕು ಅನ್ನಿಸಿದರೆ ಹೋದ ತಿಂಗಳಿನ ಅವನ ಜೊತೆಗೇ ಈ ತಿಂಗಳಿನ ಅವನನ್ನು ಹೋಲಿಸಿ.

• ಮದುವೆ ಮನೆಯಲ್ಲಿ, ನೆಂಟರ ಮುಂದೆ ‘ನಮ್ಮವನಿಗೆ ಓದು ಹತ್ತಲ್ಲ’ ಅನ್ನಬೇಡಿ. ನೀವು ನಗುತ್ತಾ ಹೇಳಿ ಮರೆಯುತ್ತೀರಿ. ಮಗು ಮರೆಯಲ್ಲ.

• ಸಾಲದ ಮಾತನ್ನು ಪೂರ್ತಿ ಮುಚ್ಚಲೂ ಬೇಡಿ, ಮಕ್ಕಳ ತಲೆ ಮೇಲೆ ಹೇರಲೂ ಬೇಡಿ. ‘ಈ ವರ್ಷ ಮಳೆ ಸರಿ ಇಲ್ಲ, ಬಟ್ಟೆ ಮುಂದಿನ ಹಬ್ಬಕ್ಕೆ. ನಿನ್ನ ಫೀಸಿನ ಯೋಚನೆ ನಮಗಿರಲಿ’ ಅಂತ ಒಂದೇ ಸಲ ನೇರ ಹೇಳಿ. ‘ನಿನಗೋಸ್ಕರ ಇಷ್ಟು ಸಾಲ’ ಅಂತ ದಿನಾ ಹೇಳಿದರೆ ಮಗು ತಾನೇ ಮನೆಗೆ ಭಾರ ಅಂದುಕೊಳ್ಳುತ್ತೆ. ಆ ಯೋಚನೆ ಬರಲೇಬಾರದು.

• ಮನೆಯಲ್ಲಿ ಯಾರಾದರೂ ಕುಡಿದು ಬಂದರೆ ಆ ರಾತ್ರಿ ನ್ಯಾಯ ತೆಗೆಯಬೇಡಿ. ಮಕ್ಕಳು ಕಣ್ಣು ಮುಚ್ಚಿಕೊಂಡು ಎಲ್ಲ ಕೇಳಿಸಿಕೊಳ್ಳುತ್ತಿರುತ್ತಾರೆ. ಜಗಳ ದಿನಾ ಇದ್ದರೆ ಪರೀಕ್ಷೆ ಮುಗಿಯೋವರೆಗೆ ಮಗುವಿನ ಹಾಸಿಗೆಯನ್ನು ಅಜ್ಜಿ ಮನೆಗೋ ದೊಡ್ಡವ್ವನ ಮನೆಗೋ ಹಾಕಿಸಿ.

• ದುಡಿಮೆಗೆ ಅಂತ ಬೆಂಗಳೂರಿಗೋ ಕಾಫಿ ತೋಟಕ್ಕೋ ಹೋಗಿ ಮಕ್ಕಳನ್ನು ಅಜ್ಜಿ ಹತ್ತಿರ ಬಿಟ್ಟಿದ್ದೀರಾ? ದಿನಾ ಒಂದೇ ಹೊತ್ತಿಗೆ ಫೋನ್ ಮಾಡಿ. ಎರಡೇ ನಿಮಿಷ ಆದರೂ ಸರಿ, ಹೊತ್ತು ತಪ್ಪಿಸಬೇಡಿ. ಬರುತ್ತೆ ಅಂತ ಗೊತ್ತಿರೋ ಫೋನು ಮಗುವಿಗೆ ದಿನವಿಡೀ ಧೈರ್ಯ.

• ತಪ್ಪು ನಿಮ್ಮದಾಗಿದ್ದರೆ ‘ನಂದು ತಪ್ಪಾಯ್ತು ಮಗಾ’ ಅಂದುಬಿಡಿ. ಮರ್ಯಾದೆ ಹೋಗಲ್ಲ. ತಪ್ಪಾದ ಮೇಲೂ ಎದ್ದು ನಡೆಯಬಹುದು ಅಂತ ಮಕ್ಕಳು ಕಲಿಯೋದು ನಮ್ಮನ್ನು ನೋಡಿಯೇ.

• ಸಣ್ಣ ಕೆಲಸಗಳನ್ನು ಅವರೇ ಮಾಡಲಿ: ಬ್ಯಾಂಕಿನಲ್ಲಿ ಚಲನ್ ತುಂಬೋದು, ರೇಷನ್ ತರೋದು, ಸ್ಕಾಲರ್‌ಶಿಪ್ ಅರ್ಜಿಗೆ ಜಾತಿ–ಆದಾಯ ಪ್ರಮಾಣಪತ್ರ ಕೇಳಿಕೊಂಡು ನಾಡಕಚೇರಿಗೆ ಹೋಗೋದು. ಒಂದು ಸಲ ‘ನಾಳೆ ಬಾ’ ಅನ್ನಿಸಿಕೊಂಡು ಬರಲಿ. ಮತ್ತೆ ಹೋಗಿ ಕೆಲಸ ಮುಗಿಸಿ ಬಂದ ದಿನ ಅವರ ನಡಿಗೆಯೇ ಬೇರೆ ಇರುತ್ತೆ.

ಮೊಬೈಲು

• ರಾತ್ರಿ ಒಂಬತ್ತೂವರೆಗೆ ಎಲ್ಲರ ಮೊಬೈಲೂ ಅಡುಗೆಮನೆ ಗೂಡಿಗೆ ಹೋಗಲಿ. ಎಲ್ಲರದೂ ಅಂದೆ, ಅಪ್ಪನದೂ ಸೇರಿ. ನೀವು ಹಾಸಿಗೆಯಲ್ಲಿ ರೀಲ್ಸ್ ನೋಡುತ್ತಾ ಮಕ್ಕಳಿಗೆ ಬೇಡ ಅಂದರೆ ಯಾರು ಕೇಳುತ್ತಾರೆ?

• ಕಿತ್ತುಕೊಂಡು ಒಡೆದು ಹಾಕಬೇಡಿ. ದುಡ್ಡೂ ಹೋಯ್ತು, ಮಾತೂ ಬಿಟ್ಟಿತು. ಹೊತ್ತು ಗೊತ್ತುಮಾಡಿ, ಅದಕ್ಕೆ ನೀವೂ ಬದ್ಧರಾಗಿ.

• ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನು 2025ರಲ್ಲಿ ಕೇಂದ್ರ ಸರ್ಕಾರ ಕಾನೂನು ಮಾಡಿ ನಿಷೇಧಿಸಿದೆ. ಆದರೂ ಕಳ್ಳದಾರಿಗಳು ಇದ್ದೇ ಇರುತ್ತವೆ. ನಿಮ್ಮ ಫೋನ್‌ಪೇ ಪಿನ್ ಮಗನಿಗೆ ಬಾಯಿಪಾಠ ಇದ್ದರೆ ಇವತ್ತೇ ಬದಲಾಯಿಸಿ.

• ದುಡ್ಡು ಕಳೆದುಕೊಂಡ ಮಗು ಹೆದರಿ ಮುಚ್ಚಿಡುತ್ತೆ. ಮುಚ್ಚಿಟ್ಟಷ್ಟು ದಿನ ಒಳಗೇ ಬೇಯುತ್ತೆ. ‘ಏನೇ ಕಳೆದರೂ ಮೊದಲು ನಮಗೆ ಹೇಳು, ಹೊಡೆಯಲ್ಲ’ ಅಂತ ಮುಂಚೆಯೇ ಹೇಳಿಟ್ಟಿರಿ. ಹೇಳಿದ ದಿನ ಮಾತು ಉಳಿಸಿಕೊಳ್ಳಿ. ಮೋಸ ಆಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

• ಯಾರೋ ಫೋಟೊ ಇಟ್ಟುಕೊಂಡು ಹೆದರಿಸುತ್ತಿದ್ದಾರೆ ಅಂತ ಮಗಳು ಬಂದು ಹೇಳಿದರೆ ಅವಳ ಕಾಲೇಜು ಬಿಡಿಸಬೇಡಿ. ಹೇಳಿದ್ದಕ್ಕೇ ಶಿಕ್ಷೆ ಆದ ಹಾಗಾಗುತ್ತೆ. ಮೆಸೇಜುಗಳನ್ನು ಅಳಿಸದೆ ಇಟ್ಟುಕೊಂಡು ಪೊಲೀಸರ ಹತ್ತಿರ ಅವಳ ಜೊತೆಯಲ್ಲೇ ಹೋಗಿ.

ಹಾಸ್ಟೆಲಿಗೆ ಕಳಿಸೋರಿಗೆ

• ಮೊರಾರ್ಜಿ ಶಾಲೆ ಇರಲಿ, ಕಿತ್ತೂರು ಚೆನ್ನಮ್ಮ ಶಾಲೆ ಇರಲಿ, ಬಿಸಿಎಂ ಹಾಸ್ಟೆಲ್ ಇರಲಿ, ಬಿಟ್ಟು ಬಂದ ಮೊದಲ ವಾರಗಳು ಕಷ್ಟ. ಮಗು ಅತ್ತರೆ ‘ನಿನಗೋಸ್ಕರ ತಾನೇ’ ಅಂತ ಬಾಯಿ ಮುಚ್ಚಿಸಬೇಡಿ. ‘ನಮಗೂ ಮನೆ ಬಣಬಣ ಅನ್ನಿಸುತ್ತೆ’ ಅನ್ನಿ. ಮಗುವಿಗೆ ಒಂಟಿ ಅನ್ನಿಸಲ್ಲ.

• ಮನೆಯ ಹಳೆ ಹೊದಿಕೆ ಒಂದನ್ನು ಕಳಿಸಿ. ಹೊಸ ಕಂಬಳಿಗೆ ದುಡ್ಡು ಸುರಿಯಬೇಡಿ. ಮಗುವಿಗೆ ಮನೆಯ ವಾಸನೆ ಇರೋ ಹೊದಿಕೆಯಲ್ಲೇ ನಿದ್ದೆ ಬರೋದು.

• ಬರ್ತೀನಿ ಅಂದ ಭಾನುವಾರ ಹೋಗಿ. ಹೋಗಲಾಗದಿದ್ದರೆ ವಾರ್ಡನ್‌ಗೆ ಫೋನ್ ಮಾಡಿ ಹೇಳಿಸಿ. ಗೇಟಿನ ಹತ್ತಿರ ಸಂಜೆವರೆಗೆ ಕಾಯೋ ಮಕ್ಕಳನ್ನು ನೋಡಿದರೆ ನಿಮಗೇ ಗೊತ್ತಾಗುತ್ತೆ.

• ಹೋದಾಗ ಚಕ್ಕುಲಿ, ಶೇಂಗಾ ಉಂಡೆ ಸ್ವಲ್ಪ ಹೆಚ್ಚೇ ಒಯ್ಯಿರಿ. ಹಂಚಿ ತಿಂದ ಮಗುವಿಗೆ ಗೆಳೆಯರು ಬೇಗ ಸಿಗುತ್ತಾರೆ.

• ‘ಹೊಟ್ಟೆನೋವು, ಕರೆದುಕೊಂಡು ಹೋಗು’ ಅನ್ನೋ ಫೋನು ಪದೇ ಪದೇ ಬಂದರೆ ನಾಟಕ ಅಂದುಕೊಳ್ಳಬೇಡಿ. ಹೋಗಿ ನೋಡಿ. ದೊಡ್ಡ ಹುಡುಗರು ಕಾಡುತ್ತಿದ್ದಾರಾ, ಯಾರಾದರೂ ಮೈ ಮುಟ್ಟಿದರಾ ಅಂತ ಒಬ್ಬರೇ ಕೂರಿಸಿಕೊಂಡು ಕೇಳಿ. ಮಕ್ಕಳ ಸಹಾಯವಾಣಿ 1098ಕ್ಕೆ ಮಕ್ಕಳೇ ಫೋನ್ ಮಾಡಬಹುದು ಅಂತಲೂ ಹೇಳಿಕೊಟ್ಟಿರಿ.

ಪರೀಕ್ಷೆಯ ದಿನಗಳು

• ಹಾಲ್ ಟಿಕೆಟ್ ಕೈಗೆ ಬಂದ ದಿನವೇ ಎರಡು ಜೆರಾಕ್ಸ್ ಮಾಡಿಸಿ. ಒಂದು ಮನೆಯಲ್ಲಿ, ಒಂದು ಬ್ಯಾಗಿನಲ್ಲಿ. ಎರಡು ರೂಪಾಯಿ ಉಳಿಸಲು ಹೋಗಿ ಪರೀಕ್ಷೆ ಬೆಳಗ್ಗೆ ಮನೆಮಂದಿಯೆಲ್ಲ ಬೀರು ತಲೆಕೆಳಗೆ ಮಾಡೋದು ಬೇಡ.

• ಪರೀಕ್ಷಾ ಕೇಂದ್ರ ಬೇರೆ ಊರಿನಲ್ಲಿದ್ದರೆ ಒಂದು ದಿನ ಮುಂಚೆ ಹೋಗಿ ಬಾಗಿಲು, ನೀರಿನ ನಲ್ಲಿ, ಬಸ್ ನಿಲ್ಲೋ ಜಾಗ ತೋರಿಸಿಕೊಂಡು ಬನ್ನಿ. ಒಂದು ಸಲ ನೋಡಿದ ಜಾಗ ಅಷ್ಟು ಹೆದರಿಸಲ್ಲ.

• ಹೊಸ ಪೆನ್ನು ಪೂಜೆಗೆ ಇಡಿ, ಬರೆಯೋದು ಮಾತ್ರ ಹಳೇ ಪೆನ್ನಿನಲ್ಲಿ. ಕೈ ಒಗ್ಗಿದ ಪೆನ್ನು ನಡುವೆ ಕೈಕೊಡಲ್ಲ.

• ಕೈ ನಡುಗಿದರೆ ಮಾಡಬೇಕಾದ್ದನ್ನು ಮನೆಯಲ್ಲೇ ರೂಢಿ ಮಾಡಿಸಿ: ನಾಲ್ಕು ಎಣಿಸುತ್ತಾ ಮೂಗಿನಿಂದ ಉಸಿರು ಎಳೆದು, ಆರು ಎಣಿಸುತ್ತಾ ನಿಧಾನ ಬಿಡೋದು, ಐದಾರು ಸಲ. ಉಸಿರು ನಿಧಾನ ಬಿಟ್ಟರೆ ಎದೆ ಹೊಡೆದುಕೊಳ್ಳೋದು ಇಳಿಯುತ್ತೆ. ಪರೀಕ್ಷೆ ದಿನ ಹೊಸದಾಗಿ ಕಲಿಸಿದರೆ ನೆನಪಾಗಲ್ಲ. ದಿನಾ ಮಲಗೋ ಮುಂಚೆ ಮಾಡಿಸಿ.

• ಬರೆದು ಬಂದ ಪೇಪರ್ ಹಿಡಿದು ಲೆಕ್ಕ ಹಾಕಿಸಬೇಡಿ. ಮುಗಿದ ಗಣಿತಕ್ಕೆ ಅಳುತ್ತಾ ಕೂತರೆ ನಾಳೆಯ ವಿಜ್ಞಾನವೂ ಹೋಗುತ್ತೆ.

• ಪರೀಕ್ಷೆ ಮುಗಿಯೋವರೆಗೆ ನೆಂಟರ ಫೋನು ನೀವೇ ಎತ್ತಿ. ‘ಹೇಗೆ ಬರೆದಿದ್ದಾನೆ’ ಅಂತ ಎಲ್ಲರೂ ಪ್ರೀತಿಯಿಂದಲೇ ಕೇಳುತ್ತಾರೆ. ಎಲ್ಲರಿಗೂ ಉತ್ತರ ಹೇಳಿ ಸುಸ್ತಾಗೋದು ಮಗು.

ರಿಸಲ್ಟ್ ಬರೋ ದಿನ

• ಆ ದಿನ ಮನೆಯಲ್ಲಿ ಒಬ್ಬರಾದರೂ ಇರಿ. ತೋಟ, ಹೊಲ, ಸಂತೆ ಎಲ್ಲ ನಾಳೆಗೂ ಇರುತ್ತೆ. ಮಗು ಒಂದೇ ಕೂತು ಮೊಬೈಲಿನಲ್ಲಿ ರಿಸಲ್ಟ್ ನೋಡೋದು ಬೇಡ.

• ಫೇಲಾದರೆ ಲೋಕ ಮುಳುಗಲ್ಲ ಅಂತ ಬಾಯಿಮಾತಿಗೆ ಹೇಳೋದಲ್ಲ, ಲೆಕ್ಕ ತೋರಿಸಿ. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ–1ರಲ್ಲಿ ರಾಜ್ಯದಲ್ಲಿ ರೆಗ್ಯುಲರ್ ಆಗಿ ಬರೆದವರಲ್ಲಿ ಪಾಸಾದವರು ನೂರಕ್ಕೆ 66 ಮಂದಿ. ಅಂದರೆ ಮೂವರಲ್ಲಿ ಒಬ್ಬರು ಉಳಿದರು. ನಿಮ್ಮ ಮಗು ಒಂದೇ ಅಲ್ಲ.

• ‘ಸಪ್ಲಿಮೆಂಟರಿ’ ಅಂತ ಮೂಗು ಮುರಿಯೋ ಕಾಲ ಹೋಯ್ತು. 2024ರಿಂದ ಪರೀಕ್ಷೆ–1, ಪರೀಕ್ಷೆ–2 ಅಂತಲೇ ಹೆಸರು. ಎರಡೂ ಬರೆದರೆ ಯಾವುದರಲ್ಲಿ ಹೆಚ್ಚು ಬಂತೋ ಆ ಅಂಕವೇ ಉಳಿಯೋದು. ಮಗು ಅತ್ತು ಸಮಾಧಾನವಾದ ಮೇಲೆ ಅರ್ಜಿಯ ಕಡೇ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ದುಃಖದಲ್ಲಿ ಆ ದಿನಾಂಕ ಮರೆಯೋ ಮನೆಗಳೇ ಹೆಚ್ಚು.

• 2025ರಲ್ಲಿ ಬಾಗಲಕೋಟೆಯಲ್ಲಿ ಆರೂ ವಿಷಯ ಫೇಲಾದ ಮಗನಿಗೆ ಅಪ್ಪ ಅಮ್ಮ ಕೇಕ್ ಕತ್ತರಿಸಿ ಧೈರ್ಯ ಹೇಳಿದ್ದು ಪೇಪರಿನಲ್ಲಿ ಬಂದಿತ್ತು. ಕೆಲವರು ನಕ್ಕರು. ನಾನಂತೂ ನಗಲಿಲ್ಲ. ನೀವು ಕೇಕ್ ತರಬೇಕಿಲ್ಲ. ಬಿಸಿ ಮುದ್ದೆ ಸಾರು ಬಡಿಸಿ, ಪಕ್ಕದಲ್ಲಿ ಕೂತು ಊಟ ಮಾಡಿ. ಮನೆಯಲ್ಲಿ ತನ್ನ ತಟ್ಟೆ ಇದ್ದಲ್ಲೇ ಇದೆ ಅಂತ ಮಗುವಿಗೆ ಕಾಣಬೇಕು.

• ಪಾಸಾದ ಮಕ್ಕಳನ್ನೂ ನೋಡಿಕೊಳ್ಳಿ. ‘ಇನ್ನೂ ಎರಡು ಮಾರ್ಕ್ಸ್ ಬಂದಿದ್ದರೆ’ ಅಂತ ರಾಗ ಎಳೆಯಬೇಡಿ. ತೊಂಬತ್ತು ಬಂದ ಮಗು ರೂಮಿನಲ್ಲಿ ಅಳೋದೂ ಉಂಟು.

ಮಕ್ಕಳೇ, ಇದು ನಿಮಗೆ

• ತಲೆಯಲ್ಲಿ ಸುತ್ತುತ್ತಿರೋ ಚಿಂತೆಯನ್ನು ಹಳೇ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆಯಿರಿ. ಪಕ್ಕದಲ್ಲಿ ‘ನಾಳೆ ಏನು ಮಾಡಬಹುದು’ ಅಂತ ಒಂದೇ ಸಾಲು ಬರೆಯಿರಿ. ರಾತ್ರಿ ಬೆಟ್ಟದಷ್ಟು ಕಂಡಿದ್ದು ಬೆಳಗ್ಗೆ ಓದಿದರೆ ಕೆಲಸದ ಪಟ್ಟಿ ಆಗಿರುತ್ತೆ.

• ಸಿಟ್ಟು ಬಂದಾಗ ಮೆಸೇಜ್ ಕಳಿಸಬೇಡಿ. ಒಂದು ಸುತ್ತು ನಡೆದು ಬನ್ನಿ, ದನಕ್ಕೆ ನೀರು ಕುಡಿಸಿ, ಆಮೇಲೆ ಬರೆಯಿರಿ. ಕಳಿಸಿದ ಮೇಲೆ ಅಳಿಸಿದರೂ ಅಷ್ಟರಲ್ಲಿ ಯಾರೋ ಓದಿರುತ್ತಾರೆ.

• ಮನೆಯವರನ್ನು ಬಿಟ್ಟು ಒಬ್ಬ ದೊಡ್ಡವರನ್ನು ನಂಬಿ ಇಟ್ಟುಕೊಳ್ಳಿ: ಒಬ್ಬ ಟೀಚರ್, ಅತ್ತೆ, ಆಶಾ ಅಕ್ಕ ಯಾರೋ ಒಬ್ಬರು. ಅಪ್ಪ ಅಮ್ಮನಿಗೆ ಹೇಳಲಾಗದ್ದು ಅವರಿಗೆ ಹೇಳಬಹುದು.

• ಗೊತ್ತಾಗದ ಪಾಠವನ್ನು ಅವತ್ತೇ ಕೇಳಿ. ಕೈ ಎತ್ತಿದರೆ ಒಂದು ನಿಮಿಷ ನಾಚಿಕೆ ಆಗುತ್ತೆ, ಎತ್ತದಿದ್ದರೆ ವರ್ಷವಿಡೀ ಹೆದರಿಕೆ.

• ಗೆಳತಿ ‘ಯಾರಿಗೂ ಹೇಳಬೇಡ, ನನಗೆ ಬದುಕೋದೇ ಬೇಡ ಅನ್ನಿಸಿದೆ’ ಅಂದರೆ ಅದೊಂದು ಗುಟ್ಟನ್ನು ಕಾಯಬೇಡಿ. ಅವಳನ್ನು ಒಂಟಿಯಾಗಿ ಬಿಡದೆ, ಅವತ್ತೇ ಒಬ್ಬ ದೊಡ್ಡವರಿಗೆ ಹೇಳಿ. ಸಿಟ್ಟಾದರೆ ಆಗಲಿ, ನಾಳೆ ಸಿಟ್ಟು ಮಾಡಲು ಅವಳು ಇರಬೇಕಲ್ಲ.

ಇಷ್ಟಕ್ಕೂ ಸರಿಹೋಗದಿದ್ದರೆ

• ಎರಡು ವಾರ ಕಳೆದರೂ ಮಗು ಸರಿಯಾಗಿ ಉಣ್ಣದೆ, ಮಲಗದೆ, ಇಷ್ಟದ ಆಟವನ್ನೂ ಬಿಟ್ಟು ಕೂತಿದ್ದರೆ ‘ವಯಸ್ಸಿಗೆ ತಕ್ಕದ್ದು’ ಅಂತ ಬಿಡಬೇಡಿ. ಜ್ವರ ಬಂದರೆ ಇಷ್ಟು ದಿನ ಕಾಯುತ್ತಿದ್ದಿರಾ?

• ‘ನಾನಿಲ್ಲದಿದ್ದರೆ ನಿಮಗೆ ಆರಾಮ’ ಅನ್ನೋ ಮಾತು ಬಂದರೆ ತಮಾಷೆ ಅಂದುಕೊಳ್ಳಬೇಡಿ. ‘ಸಾಯೋ ಯೋಚನೆ ಬರುತ್ತಾ?’ ಅಂತ ಮೆತ್ತಗೆ, ನೇರವಾಗಿ ಕೇಳಿ. ಕೇಳಿದ್ದರಿಂದ ಇಲ್ಲದ ಯೋಚನೆ ಹುಟ್ಟಲ್ಲ. ಇದ್ದದ್ದನ್ನು ಹೇಳಿಕೊಳ್ಳಲು ದಾರಿ ಆಗುತ್ತೆ.

• ಹೊಲ ತೋಟಕ್ಕೆ ಹೊಡೆಯೋ ಔಷಧಿಯನ್ನು ಮನೆಯೊಳಗೆ ಇಡಲೇಬೇಡಿ. ಬೇಕಾದಷ್ಟೇ ತನ್ನಿ, ಉಳಿದದ್ದನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿಯಿರಿ, ಬೀಗದ ಕೈ ನಿಮ್ಮ ಸೊಂಟದಲ್ಲಿರಲಿ. ಕೆಟ್ಟ ಗಳಿಗೆ ಬಂದು ಹೋಗಿಬಿಡುತ್ತೆ. ಆ ಗಳಿಗೆಯಲ್ಲಿ ಕೈಗೆ ಏನೂ ಸಿಗದಿದ್ದರೆ ಸಾಕು. ನಮ್ಮ ನಾಲ್ಕೂ ತಾಲ್ಲೂಕಿನ ರೈತರ ಮನೆಗಳಿಗೆ ಈ ಇಡೀ ಪಟ್ಟಿಯಲ್ಲಿ ಮುಖ್ಯವಾದ ಮಾತು ಇದು.

• 14416ಕ್ಕೆ ಫೋನ್ ಮಾಡಿ. ಟೆಲಿ–ಮಾನಸ್ ಅಂತ ಹೆಸರು, 2022ರ ಅಕ್ಟೋಬರ್ 10ರಿಂದ ನಡೀತಿದೆ, ಇದರ ಹಿಂದೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಹಗಲು ರಾತ್ರಿ ಯಾವಾಗಲೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಮಗುವೇ ಮಾಡಬಹುದು, ಮಗುವಿನ ಜೊತೆ ಹೇಗೆ ನಡೆದುಕೊಳ್ಳಲಿ ಅಂತ ನೀವೂ ಕೇಳಬಹುದು.

• ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರೋ ‘ಮನೋಚೈತನ್ಯ’ ಕಾರ್ಯಕ್ರಮ ಇದೆ, ಮಂಗಳವಾರ ನಡೆಯುತ್ತೆ. ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿಕೊಂಡು ಹೋಗಿ, ಸುಮ್ಮನೆ ಬಸ್ ಚಾರ್ಜು ಹಾಳು ಮಾಡಿಕೊಳ್ಳಬೇಡಿ. ಹದಿಹರೆಯದವರಿಗೆ ಅಂತಲೇ ‘ಸ್ನೇಹ ಕ್ಲಿನಿಕ್’ ಇರುತ್ತೆ. ಇನ್ನೂ ಬೇಕಾದರೆ ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆ ಇದೆ.

• ಉಕ್ಕಡಗಾತ್ರಿ ಅಜ್ಜಯ್ಯನ ಗದ್ದುಗೆಗೆ ಹೋಗಿ ಬನ್ನಿ, ಯಾರೂ ಬೇಡ ಅನ್ನಲ್ಲ. ಆದರೆ ‘ಅದು ಮುಗಿಯಲಿ’ ಅಂತ ಡಾಕ್ಟರ್ ಹತ್ತಿರ ಹೋಗೋದನ್ನು ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಮುಂದೂಡಬೇಡಿ. ದೇವರೂ ಇರಲಿ, ಮಾತ್ರೆಯೂ ಇರಲಿ.

• ಕೊಟ್ಟ ಮಾತ್ರೆಯನ್ನು ‘ಈಗ ಆರಾಮಾಗಿದ್ದಾನೆ’ ಅಂತ ನೀವೇ ನಿಲ್ಲಿಸಬೇಡಿ. ಆರಾಮಾಗಿರೋದು ಮಾತ್ರೆಯಿಂದಲೂ ಇರಬಹುದು. ನಿಲ್ಲಿಸೋದನ್ನು ಡಾಕ್ಟರೇ ಹೇಳಲಿ.

• ಮಗು ಜೀವಕ್ಕೆ ಅಪಾಯ ಮಾಡಿಕೊಂಡಿದ್ದರೆ ಪೊಲೀಸ್ ಕೇಸಾಗುತ್ತೆ ಅಂತ ಹೆದರಿ ಮನೆಯಲ್ಲೇ ಮದ್ದು ಮಾಡಬೇಡಿ. 108 ಕರೆದು ಆಸ್ಪತ್ರೆಗೆ ಓಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರು ಅಂತ ನೋಡುತ್ತೆ. ಅವರಿಗೆ ಬೇಕಾದ್ದು ಆರೈಕೆ ಅನ್ನುತ್ತೆ.

• ‘ತಲೆ ಡಾಕ್ಟರ ಹತ್ತಿರ ಹೋಗಿದ್ದರು’ ಅಂತ ಊರವರು ಅಂದರೆ ‘ಹೌದು, ಹೋಗಿದ್ವಿ’ ಅನ್ನಿ. ಮುಚ್ಚಿಟ್ಟರೆ ಮಾತು ಬೆಳೆಯುತ್ತೆ, ಒಪ್ಪಿಕೊಂಡರೆ ಅಲ್ಲಿಗೇ ಮುಗಿಯುತ್ತೆ. ಹಾಗೆ ಅಂದವರ ಮನೆಯವರೇ ನಾಳೆ ನಿಮ್ಮ ಹತ್ತಿರ ವಿಳಾಸ ಕೇಳಿಕೊಂಡು ಬರುತ್ತಾರೆ. ಬಂದರೆ ಹಂಗಿಸದೆ ಕೊಡಿ.

• ಕಡೆಯದಾಗಿ ನಿಮಗೆ, ಅವ್ವಂದಿರೇ. ಎಲ್ಲರಿಗೂ ಬಡಿಸಿ ತಳದಲ್ಲಿ ಉಳಿದದ್ದು ತಿಂದು, ಎಲ್ಲರ ಚಿಂತೆ ಹೊತ್ತು ಮಲಗಬೇಡಿ. ನೀವು ಕುಗ್ಗಿದರೆ ಮೊದಲು ಗೊತ್ತಾಗೋದು ಮಕ್ಕಳಿಗೆ. 14416 ನಿಮಗೂ ಇದೆ. ಈಗಲೇ ಎದ್ದು ಆ ನಂಬರನ್ನು ಕ್ಯಾಲೆಂಡರಿನ ಮೇಲೆ ದಪ್ಪಗೆ ಬರೆದುಬಿಡಿ. ಆಮೇಲೆ ಬರೀತೀನಿ ಅಂದರೆ ಮರೆಯುತ್ತೀರಿ, ನನಗೆ ಗೊತ್ತು.